ಅರುವತ್ತಮೂರೂವರೆ ಡಿಗ್ರಿಯ ಬೆಳಕು

ಮುಂಬಯಿಯ ಚಾಳುಗಳ ಬಗ್ಗೆ ಕನ್ನಡದಲ್ಲಿ ಬರೆದವರು ಬಹಳ ಮಂದಿ. ನಲ್ಲಿಯ ಮುಂದಿನ ಸಾಲು, ಸಾಲಾಗಿ ತೆರೆದ ಬಾಗಿಲುಗಳು, ಒಂದು ಖೋಲಿಯಲ್ಲಿ ಎಂಟು ಹತ್ತು ಮಂದಿಯ ಬದುಕು, ಇವೆಲ್ಲ ನಮ್ಮ ಕಥೆಗಾರರಿಗೆ ಚೆನ್ನಾಗಿ ಒದಗಿ ಬಂದ ಸಾಮಗ್ರಿ. ಆದರೆ ಆ ಕಟ್ಟಡಗಳು ಹಾಗೆಯೇ ಏಕೆ ಎದ್ದು ನಿಂತವು, ಒಂದು ಕಟ್ಟಡಕ್ಕೂ ಇನ್ನೊಂದಕ್ಕೂ ನಡುವೆ ಇಷ್ಟೇ ಜಾಗ ಬಿಡಬೇಕೆಂದು ಯಾರು, ಯಾವ ಲೆಕ್ಕದಲ್ಲಿ ನಿರ್ಧರಿಸಿದರು ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಆ ಲೆಕ್ಕವೊಂದು ಕೋನದಲ್ಲಿತ್ತು. ಅರುವತ್ತಮೂರೂವರೆ ಡಿಗ್ರಿ. ವೃತ್ತಿಯಿಡೀ ಹಲಗೆಯ ಮೇಲೆ ಕೋನಮಾಪಕ ಹಿಡಿದು ನಿಂತ ನನ್ನಂಥವನಿಗೆ ಇದರಲ್ಲಿ ವಿಶೇಷ ಆಸಕ್ತಿ ಹುಟ್ಟಿದ್ದರೆ ಓದುಗರು ಆಶ್ಚರ್ಯಪಡಬೇಕಾಗಿಲ್ಲ.

ಕಥೆ ಆರಂಭವಾಗುವುದು ಪ್ಲೇಗಿನಿಂದ. 1896ರ ಸೆಪ್ಟೆಂಬರಿನಲ್ಲಿ ಮುಂಬಯಿ ಬಂದರಿನ ಸಮೀಪದ ಮಾಂಡವಿ ಪೇಟೆಯಲ್ಲಿ ಡಾ. ಅಕಾಸಿಯೊ ಗೇಬ್ರಿಯಲ್ ವೀಗಸ್ ಎಂಬ ಗೋವಾ ಮೂಲದ ವೈದ್ಯರು ಮೊದಲ ರೋಗಿಗಳನ್ನು ಕಂಡು, ಇದು ಗಡ್ಡೆ ಪ್ಲೇಗು ಎಂದು ಸಾರಿದರು. ಮಾಂಡವಿಯೆಂದರೆ ಧಾನ್ಯದ ಗೋದಾಮುಗಳ ನಾಡು. ಗೋದಾಮಿನ ಮೇಲೆ ಮನೆ, ಮನೆಯ ಬೆನ್ನಿಗೆ ಮನೆ, ನಡುವೆ ಮಲ ಸಾಗಿಸುವವರಿಗೆಂದು ಬಿಟ್ಟ ಕೈಯಗಲದ ಓಣಿ. ಒಳಗಿನ ಕೋಣೆಗಳಲ್ಲಿ ಹಗಲು ಹನ್ನೆರಡು ಗಂಟೆಗೂ ದೀಪ ಬೇಕಾಗುತ್ತಿತ್ತು. ರೋಗ ಕಾಣಿಸಿಕೊಂಡ ಕೆಲವೇ ತಿಂಗಳುಗಳಲ್ಲಿ ಲಕ್ಷಗಟ್ಟಲೆ ಜನ ಊರು ಬಿಟ್ಟರು. ಗಿರಣಿಗಳು ಕೆಲಸಗಾರರಿಲ್ಲದೆ ತತ್ತರಿಸಿದವು.

ಅಂದಿನ ಅಧಿಕಾರಿಗಳ ನಂಬಿಕೆಯ ಪ್ರಕಾರ ಪ್ಲೇಗು ಕೊಳಕಿನಿಂದ, ಕತ್ತಲೆಯಿಂದ, ನಿಂತ ಗಾಳಿಯಿಂದ ಹುಟ್ಟುವಂಥದ್ದು. ಆದುದರಿಂದ ಅವರು ರೋಗದ ವಿರುದ್ಧ ಹೂಡಿದ ಯುದ್ಧ ನಿಜವಾಗಿ ಮನೆಗಳ ವಿರುದ್ಧದ ಯುದ್ಧವಾಯಿತು. ಮನೆಯ ಗೋಡೆಯ ಮೇಲೆ ‘ಯು.ಎಚ್.ಎಚ್.’ ಎಂದು ಬರೆಯುತ್ತಿದ್ದರು. ಮನುಷ್ಯವಾಸಕ್ಕೆ ಯೋಗ್ಯವಲ್ಲ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳು. ಬಿಸಿಲು ಒಳಗೆ ಬೀಳಲಿ ಎಂದು ಮಾಡಿನ ಹೆಂಚು ತೆಗೆಸುತ್ತಿದ್ದರು, ಗೋಡೆ ಒಡೆಸುತ್ತಿದ್ದರು. ರೋಗಾಣುವನ್ನು ಯೆರ್ಸಿನ್ ಹಾಂಗ್‌ಕಾಂಗಿನಲ್ಲಿ 1894ರಲ್ಲೇ ಗುರುತಿಸಿದ್ದ. ಇಲಿಯ ಮೈಮೇಲಿನ ಚಿಗಟವೇ ಅದರ ವಾಹಕವೆಂದು ಸಿಮೊಂಡ್ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ತೋರಿಸಿಕೊಟ್ಟದ್ದು 1898ರಲ್ಲಿ. ಅದನ್ನು ಪಂಡಿತರು ಒಪ್ಪಿಕೊಳ್ಳಲು ಮತ್ತೆ ಹಲವು ವರ್ಷಗಳು ಹಿಡಿದವು. ಹೆಂಚು ತೆಗೆದ ಮನೆಯಿಂದ ಇಲಿಗಳು ಪಕ್ಕದ ಮನೆಗೆ ನಡೆದವು ಎಂದು ಈಗ ಹೇಳಬಹುದು.

ಆದರೂ ಇಲ್ಲೊಂದು ಸ್ವಾರಸ್ಯವಿದೆ. ಪ್ಲೇಗಿನ ವಿಷಯದಲ್ಲಿ ತಪ್ಪಾಗಿದ್ದ ಈ ನಂಬಿಕೆ ಇನ್ನೊಂದು ರೋಗದ ವಿಷಯದಲ್ಲಿ ಸರಿಯಾಗಿತ್ತು. ಕ್ಷಯ ಹರಡುವುದು ಗಾಳಿಯಾಡದ, ಬಿಸಿಲು ಕಾಣದ, ಕಿಕ್ಕಿರಿದ ಕೋಣೆಗಳಲ್ಲಿಯೇ. ಗದ್ದಲ ಮಾಡುತ್ತ ಬಂದ ಪ್ಲೇಗಿಗೆ ಹೆದರಿ ಮಾಡಿದ ಕಾನೂನು, ಸದ್ದಿಲ್ಲದೆ ಕೊಲ್ಲುವ ಕ್ಷಯಕ್ಕೆ ಮದ್ದಾಗಬಹುದಿತ್ತು.

1898ರಲ್ಲಿ ‘ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್’ ಸ್ಥಾಪನೆಯಾಯಿತು. ಪೇಟೆಯ ನಡುವೆ ಸಮುದ್ರದ ಗಾಳಿ ನುಗ್ಗುವಂತೆ ಅಗಲ ರಸ್ತೆಗಳನ್ನು ಕೊರೆಯುವುದು, ಕೊಳಕು ಮನೆಗಳನ್ನು ಕೆಡವುವುದು, ಬಡವರಿಗೆ ಆರೋಗ್ಯಕರ ಚಾಳುಗಳನ್ನು ಕಟ್ಟುವುದು, ಹೊರವಲಯದ ಹೊಲಗದ್ದೆಗಳಲ್ಲಿ ಹೊಸ ಬಡಾವಣೆ ಬೆಳೆಸುವುದು ಅದರ ಕೆಲಸ. ಪ್ರಿನ್ಸೆಸ್ ಸ್ಟ್ರೀಟ್, ಸ್ಯಾಂಡ್‌ಹರ್ಸ್ಟ್ ರೋಡ್ ಹುಟ್ಟಿದ್ದು ಹೀಗೆ. ನಾಗಪಾಡ, ಆಗ್ರಿಪಾಡಗಳಲ್ಲಿ ಟ್ರಸ್ಟಿನ ಚಾಳುಗಳು ಎದ್ದವು. ಆದರೆ ಕೆಡವುವುದು ಸುಲಭ, ಕಟ್ಟುವುದು ಕಷ್ಟ. ಮೊದಲ ವರ್ಷಗಳಲ್ಲಿ ಟ್ರಸ್ಟು ಕಟ್ಟಿದ್ದಕ್ಕಿಂತ ಕೆಡವಿದ್ದೇ ಹೆಚ್ಚು. ಮನೆ ಕಳೆದುಕೊಂಡವರು ಪಕ್ಕದ ಗಲ್ಲಿಯ ಕತ್ತಲ ಕೋಣೆಗಳನ್ನೇ ಇನ್ನಷ್ಟು ತುಂಬಿದರು.

ಇದೇ ಪ್ಲೇಗು ರೈಲು ಹತ್ತಿ ನಮ್ಮ ಹುಬ್ಬಳ್ಳಿ ಧಾರವಾಡಗಳಿಗೂ, 1898ರಲ್ಲಿ ಬೆಂಗಳೂರಿಗೂ ಬಂದದ್ದು ಎಲ್ಲರಿಗೂ ತಿಳಿದಿದೆ. ಅಲ್ಲಿ ಮಲ್ಲೇಶ್ವರ, ಬಸವನಗುಡಿಗಳು ತುಂಬಿಕೊಂಡವು. ಬೆಂಗಳೂರಿನ ಉತ್ತರ ಒಂದು ನಿವೇಶನಕ್ಕೆ ಒಂದು ಮನೆ ಎಂಬುದಾಗಿತ್ತು. ಸಮುದ್ರದ ನಡುವಿನ ನಡುಗಡ್ಡೆಯಾದ ಮುಂಬಯಿಗೆ ಆ ಐಷಾರಾಮ ಸಾಧ್ಯವಿರಲಿಲ್ಲ. ಮನೆಯ ಮೇಲೆ ಮನೆ ಕಟ್ಟಲೇಬೇಕು. ಹಾಗಾದರೆ ಕೆಳಗಿನವನಿಗೆ ಬೆಳಕು ಎಲ್ಲಿಂದ?

ಈ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡವನು ಟ್ರಸ್ಟಿನ ಅಧ್ಯಕ್ಷನಾಗಿದ್ದ ಜೇಮ್ಸ್ ಪ್ರಿನ್ಸೆಪ್ ಆರ್ ಎಂಬ ಐ.ಸಿ.ಎಸ್. ಅಧಿಕಾರಿ. ಮುಂಬಯಿಯ ವಾಸದ ಮನೆಗಳ ಬೆಳಕು ಗಾಳಿಗಳ ಬಗ್ಗೆ 1912ರಲ್ಲಿ ಆತ ಒಂದು ಉಪನ್ಯಾಸವನ್ನೇ ನೀಡಿದ. ಅವನ ನಿಯಮ ಹೀಗಿತ್ತು. ಕೋಣೆಯ ಹೊರಗೋಡೆಯ ಬುಡದಿಂದ ಎದುರು ಕಟ್ಟಡದ ಕಡೆಗೆ, ನೆಲದಿಂದ ಅರುವತ್ತಮೂರೂವರೆ ಡಿಗ್ರಿ ಕೋನದಲ್ಲಿ ಒಂದು ಗೆರೆ ಎಳೆಯಿರಿ. ಎದುರಿನ ಕಟ್ಟಡ ಆ ಗೆರೆಯನ್ನು ದಾಟಿ ಮೇಲೇಳಬಾರದು. ಅಷ್ಟಿದ್ದರೆ ನೆಲಮಹಡಿಯ ಕೋಣೆಯಲ್ಲಿ ಕೂತವನಿಗೂ ಒಂದು ತುಂಡು ಆಕಾಶ ಕಾಣುತ್ತದೆ.

ಮೂವತ್ತೂ ಅಲ್ಲದ, ಅರುವತ್ತೂ ಅಲ್ಲದ ಈ ವಿಚಿತ್ರ ಕೋನ ಏಕೆ? ಎಸ್ಸೆಸ್ಸೆಲ್ಸಿಯ ತ್ರಿಕೋನಮಿತಿ ನೆನಪಿರುವವರು ಕೋಷ್ಟಕ ತೆರೆದು ನೋಡಲಿ. ಅರುವತ್ತಮೂರೂವರೆಯ ಟ್ಯಾಂಜೆಂಟ್ ಹೆಚ್ಚುಕಡಿಮೆ ಸರಿಯಾಗಿ ಎರಡು. ಅಂದರೆ, ಎದುರಿನ ಕಟ್ಟಡದ ಎತ್ತರದ ಅರ್ಧದಷ್ಟು ಜಾಗ ನಡುವೆ ಖಾಲಿ ಇರಬೇಕು, ಅಷ್ಟೇ. ಐವತ್ತು ಅಡಿ ಎತ್ತರದ ಚಾಳಿಗೆ ಇಪ್ಪತ್ತೈದು ಅಡಿ ಬಯಲು. ಕೋನ ಕೇಳಿ ಹೆದರುವ ಮೇಸ್ತ್ರಿಯೂ ಹಗ್ಗ ಹಿಡಿದು ಅಳೆಯಬಹುದಾದ ನಿಯಮ. ಇಷ್ಟು ಸರಳವಾದ, ಇಷ್ಟು ನ್ಯಾಯವಾದ ಸರಕಾರಿ ನಿಯಮವನ್ನು ನಾನು ಬೇರೆಲ್ಲೂ ಕಂಡಿಲ್ಲ ಎಂದು ಹೇಳಬೇಕೆನ್ನಿಸುತ್ತದೆ. ಆದರೆ ಪೂರ್ತಿ ಹೇಳುವ ಮುನ್ನ ಇನ್ನೊಂದು ಲೆಕ್ಕ ಮಾಡಬೇಕು.

ಇಂಗ್ಲೆಂಡಿನಲ್ಲಿ ಆದರ್ಶವೆಂದು ಹೇಳುತ್ತಿದ್ದುದು ನಲವತ್ತೈದು ಡಿಗ್ರಿ, ಅಂದರೆ ಎತ್ತರವೆಷ್ಟೋ ಅಷ್ಟೇ ಬಯಲು. ಮುಂಬಯಿಯಲ್ಲಿ ಭೂಮಿ ದುಬಾರಿ, ಸೂರ್ಯನೂ ಇಲ್ಲಿ ನೆತ್ತಿಯ ಹತ್ತಿರವೇ ಇರುತ್ತಾನೆ, ಬೆಳಕು ಪ್ರಖರ, ಆದ್ದರಿಂದ ಅರ್ಧ ಸಾಕು ಎಂಬುದು ಆರ್‌ನ ವಾದ. ಮುಂಬಯಿಯ ಅಕ್ಷಾಂಶ ಹತ್ತೊಂಬತ್ತು ಡಿಗ್ರಿ. ಡಿಸೆಂಬರ್ ಕೊನೆಯ ವಾರದ ನಡುಮಧ್ಯಾಹ್ನ ಸೂರ್ಯ ಅಲ್ಲಿ ಏರುವುದು ಸುಮಾರು ನಲವತ್ತೇಳೂವರೆ ಡಿಗ್ರಿಗೆ. ದಕ್ಷಿಣಕ್ಕೆ ಮುಖಮಾಡಿದ ಚಾಳಿನ ಎದುರು ಇನ್ನೊಂದು ಚಾಳು ಆ ಗೆರೆಯವರೆಗೂ ಎದ್ದಿದ್ದರೆ, ಅಕ್ಟೋಬರ್ ಮಧ್ಯದಿಂದ ಫೆಬ್ರುವರಿ ಕೊನೆಯವರೆಗೆ ಗೋಡೆಯ ಬುಡಕ್ಕೆ ಮಧ್ಯಾಹ್ನದ ಬಿಸಿಲು ತಾಗುವುದಿಲ್ಲ. ನಲವತ್ತೈದು ಡಿಗ್ರಿ ಇದ್ದಿದ್ದರೆ ವರ್ಷವಿಡೀ ತಾಗುತ್ತಿತ್ತು. ಆರ್ ಕೊಟ್ಟದ್ದು ಬಿಸಿಲನ್ನಲ್ಲ, ಆಕಾಶದ ಬೆಳಕನ್ನು. ಬಡವನಿಗೆ ಬದುಕಿ ಉಳಿಯಲು ಬೇಕಾದ ಕನಿಷ್ಠವನ್ನು ಲೆಕ್ಕಹಾಕಿ ಅದನ್ನೇ ಅಳೆದು ಕೊಟ್ಟ. ಅವನ ಪರವಾಗಿಯೂ ಒಂದು ಮಾತು ಹೇಳಬೇಕು. ಇಡೀ ಕೇರಿಯನ್ನು ನೆಲಸಮ ಮಾಡುವ ಬದಲು ನಡುನಡುವೆ ಪಟ್ಟಿಯಂತೆ ಕೆಡವಿ, ಉಳಿದ ಕೋಣೆಗಳಿಗೆ ಗಾಳಿ ಬೆಳಕು ತರುವುದು ಲೇಸೆಂದು ಆತ ವಾದಿಸಿದ. ಅದರಿಂದ ಬೀದಿಪಾಲಾಗುವವರ ಸಂಖ್ಯೆ ಕಡಿಮೆಯಾಗುತ್ತಿತ್ತು.

ನಿಯಮ ಅಳೆದದ್ದು ಗೋಡೆಗೂ ಗೋಡೆಗೂ ನಡುವಿನ ದೂರವನ್ನು. ಗೋಡೆಯ ಒಳಗೆ ಎಷ್ಟು ಜನ ಎಂಬುದನ್ನು ಅದು ಅಳೆಯಲಿಲ್ಲ. ಚಾಳಿನ ಒಂದು ಖೋಲಿ ಎಂದರೆ ಒಂದು ಕುಟುಂಬ ಎಂಬ ಲೆಕ್ಕ ಕಾಗದದ ಮೇಲಿತ್ತು. ನಾನು ಎಪ್ಪತ್ತರ ದಶಕದಲ್ಲಿ ಫೋರ್ಟ್ ಕಡೆಯ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಗಣಿತ ಹೇಳುತ್ತಿದ್ದಾಗ, ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು ಬಂದ ದಕ್ಷಿಣ ಕನ್ನಡದ ಹುಡುಗರು ಮುಂದಿನ ಬೆಂಚಿನಲ್ಲೇ ತೂಕಡಿಸುತ್ತಿದ್ದರು. ಅವರಲ್ಲಿ ಕೆಲವರು ಮಲಗುತ್ತಿದ್ದದ್ದು ಹೋಟೆಲಿನ ಮೇಜುಗಳ ಮೇಲೆ. ಅದೃಷ್ಟವಂತರು ಊರಿನವರ ಖೋಲಿಯಲ್ಲಿ, ಸರದಿಯ ಮೇಲೆ. ಒಬ್ಬ ಎದ್ದ ಚಾಪೆಯಲ್ಲಿ ಇನ್ನೊಬ್ಬ. ವಿಸ್ತೀರ್ಣದ ಪಾಠ ಮಾಡುವಾಗ ತಲಾ ಎಷ್ಟು ಚದರಡಿ ಎಂಬ ಲೆಕ್ಕವನ್ನು ಅವರಿಗೆ ಕೊಡಲು ನನಗೆ ಮನಸ್ಸು ಬರುತ್ತಿರಲಿಲ್ಲ.

ಟ್ರಸ್ಟು ಒಂದೇ ಆದರೂ ಅದು ಕಟ್ಟಿದ ಊರುಗಳು ಎರಡು. ಪರೇಲಿನಂಥ ಗಿರಣಿ ಪ್ರದೇಶದಲ್ಲಿ ಒಂದೊಂದೇ ಖೋಲಿಯ ಚಾಳು, ಉದ್ದನೆಯ ಮೊಗಸಾಲೆ, ಕೊನೆಯಲ್ಲಿ ಎಲ್ಲರಿಗೂ ಸೇರಿದ ಪಾಯಖಾನೆ. ಉತ್ತರದ ದಾದರ್–ಮಾಟುಂಗಾ ಯೋಜನೆಯಲ್ಲಿ ಅಗಲವಾದ ಸಾಲುಮರದ ರಸ್ತೆಗಳು, ಸುತ್ತ ಖಾಲಿ ಬಿಟ್ಟ ಜಾಗ, ಎತ್ತರ ಕಡಿಮೆಯ ಕಟ್ಟಡಗಳು. ಈ ಎರಡೂ ಊರುಗಳನ್ನು ಒಂದೇ ಬದುಕಿನಲ್ಲಿ ಕಂಡವರು ಡಾ. ಅಂಬೇಡ್ಕರ್. 1912ರಿಂದ 1934ರವರೆಗೆ, ನಡುವೆ ವಿದೇಶದಲ್ಲಿ ಓದಿದ ವರ್ಷಗಳನ್ನು ಬಿಟ್ಟರೆ, ಅವರ ವಾಸ ಪರೇಲಿನ ಇಂಪ್ರೂವ್‌ಮೆಂಟ್ ಟ್ರಸ್ಟ್ ಚಾಳಿನ ಎರಡನೆಯ ಮಹಡಿಯ ಎರಡು ಖೋಲಿಗಳಲ್ಲಿ. ಬಹಿಷ್ಕೃತ ಹಿತಕಾರಿಣೀ ಸಭೆಯ ಕಾಲ, ಮಹಾಡದ ಸತ್ಯಾಗ್ರಹದ ಕಾಲ, ದುಂಡುಮೇಜಿನ ಪರಿಷತ್ತಿನ ಕಾಲವೆಲ್ಲ ಆ ವಿಳಾಸದ್ದೇ. ಅನಂತರ ಅವರು ಪುಸ್ತಕಗಳಿಗಾಗಿಯೇ ಎಂಬಂತೆ ಕಟ್ಟಿಸಿದ ‘ರಾಜಗೃಹ’ ಇರುವುದು ದಾದರಿನ ಹಿಂದೂ ಕಾಲನಿಯಲ್ಲಿ, ಅದೇ ಟ್ರಸ್ಟು ರೂಪಿಸಿದ ಬಡಾವಣೆಯಲ್ಲಿ. ಎರಡು ಮೈಲಿಗಳೂ ಇಲ್ಲದ ಆ ದೂರ ದಾಟಲು ಇಪ್ಪತ್ತೆರಡು ವರ್ಷ ಬೇಕಾಯಿತು.

ನಮ್ಮವರೂ ಈ ಎರಡನೆಯ ಊರಿನಲ್ಲಿ ನೆಲೆಸಿದರು. ಕನ್ನಡ ಜಿಲ್ಲೆಗಳಿಂದ ಹೋದ ಚಿತ್ರಾಪುರ ಸಾರಸ್ವತರು ಶ್ರೀಪಾದ ಸುಬ್ಬರಾವ್ ತಲ್ಮಕಿ ಅವರ ಮುಂದಾಳುತನದಲ್ಲಿ 1915ರಲ್ಲೇ ಗಾಮದೇವಿಯಲ್ಲಿ ಸಹಕಾರಿ ವಸತಿ ಸಂಘ ಕಟ್ಟಿ, ಹಲವು ಕುಟುಂಬಗಳು ಒಂದೇ ಸೂರಿನಡಿ ಮರ್ಯಾದೆಯಿಂದ ಬಾಳಬಹುದೆಂದು ತೋರಿಸಿದರು. ಮಾಟುಂಗಾ ದಕ್ಷಿಣದವರ ಪೇಟೆಯೇ ಆಯಿತು. ಮೈಸೂರು ಅಸೋಸಿಯೇಶನ್ ಅಲ್ಲಿದೆ. 1942ರಲ್ಲಿ ರಾಮ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಅಲ್ಲಿಯದೇ. ಗುಮಾಸ್ತೆಗಳೂ ಅಧ್ಯಾಪಕರೂ ಅಲ್ಲಿ ಬಾಡಿಗೆಗೆ ಹಿಡಿದದ್ದು ಚಾಳಿನ ಖೋಲಿಯನ್ನಲ್ಲ, ‘ಫ್ಲ್ಯಾಟ್’ ಎಂಬ ಹೊಸ ವಸ್ತುವನ್ನು. ಎರಡಕ್ಕೂ ವ್ಯತ್ಯಾಸವೇನೆಂದು ಕೇಳಿದರೆ ಒಂದೇ ಮಾತಿನಲ್ಲಿ ಹೇಳಬಹುದು: ಪಾಯಖಾನೆ ಬಾಗಿಲ ಒಳಗೋ ಹೊರಗೋ. ಮಡಿ ಮೈಲಿಗೆಯ ಮನೆಗಳಲ್ಲಿ ಬೆಳೆದವರು ಅದನ್ನು ಅಡುಗೆಮನೆಯ ಸನಿಹಕ್ಕೆ ತರಲು ಒಪ್ಪಿದ್ದು ಸಣ್ಣ ಸಂಗತಿಯಲ್ಲ. ನೀರು ಹರಿಯುವ ಕೊಳವೆ ಬಂದದ್ದರಿಂದ, ತೋಟಿಯ ಕೆಲಸದವರು ಮನೆಯೊಳಗೆ ಕಾಲಿಡುವ ಅಗತ್ಯ ತಪ್ಪಿದ್ದರಿಂದ ಅವರು ಒಪ್ಪಿದರು ಎಂಬುದನ್ನೂ ಮರೆಯಬಾರದು. ಆಧುನಿಕತೆಯೂ ಜಾತಿಯೂ ಒಂದೇ ಕೊಳವೆಯಲ್ಲಿ ಹರಿದು ಬಂದವು.

ಟ್ರಸ್ಟಿನ ಬೆನ್ನಿಗೇ ಬಂದದ್ದು ಸರಕಾರದ ‘ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್’. ಗವರ್ನರ್ ಜಾರ್ಜ್ ಲಾಯ್ಡ್ 1920ರಲ್ಲಿ ಅದನ್ನು ಆರಂಭಿಸಿ, ಹತ್ತಿಯ ಪ್ರತಿ ಅಂಡಿಗೆಗೆ ಒಂದು ರೂಪಾಯಿ ಸುಂಕ ವಿಧಿಸಿ, ಕಾರ್ಮಿಕರಿಗೆ ಐವತ್ತು ಸಾವಿರ ಖೋಲಿಗಳನ್ನು ಕಟ್ಟುವ ಪಣ ತೊಟ್ಟ. ಕಟ್ಟಿ ಮುಗಿದದ್ದು 207 ಕಟ್ಟಡಗಳು, ಹದಿನಾರು ಸಾವಿರ ಚಿಲ್ಲರೆ ಖೋಲಿಗಳು. ವರ್ಳಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿಗಳ ಈ ಬಿ.ಡಿ.ಡಿ. ಚಾಳುಗಳು ಸಿಮೆಂಟ್ ಕಾಂಕ್ರೀಟಿನ ಪೆಟ್ಟಿಗೆಗಳಂತಿದ್ದವು. ಒಂದು ಖೋಲಿ 160 ಚದರಡಿ. ಗಿರಣಿಗಳಿಂದ ದೂರವೆಂದು, ಬಾಡಿಗೆ ಹೆಚ್ಚೆಂದು ಬಹುಕಾಲ ಎಷ್ಟೋ ಖೋಲಿಗಳು ಖಾಲಿ ಬಿದ್ದಿದ್ದವು. ಕಾನೂನುಭಂಗ ಚಳವಳಿಯ ದಿನಗಳಲ್ಲಿ ವರ್ಳಿಯ ಕೆಲವನ್ನು ಸತ್ಯಾಗ್ರಹಿಗಳ ಸೆರೆಮನೆಯಾಗಿ ಬಳಸಿದರು; ಮನೆಯಾಗಿ ಕಟ್ಟಿದ್ದನ್ನು ಜೈಲಾಗಿಸಲು ಹೆಚ್ಚು ಬದಲಾವಣೆ ಬೇಕಾಗಲಿಲ್ಲವೆಂದರೆ ಅದರ ರಚನೆಯನ್ನು ಊಹಿಸಿಕೊಳ್ಳಬಹುದು. ಆದರೂ ಚಾಳಿಗೂ ಚಾಳಿಗೂ ನಡುವೆ ಬಯಲಿತ್ತು. ಆ ಬಯಲಿನಲ್ಲಿಯೇ ಗಣೇಶೋತ್ಸವ, ಕಬಡ್ಡಿ, ಮದುವೆಯ ಚಪ್ಪರ, ಯೂನಿಯನ್ ಸಭೆ. ಒಳಗೆ ಇಲ್ಲದ ಜಾಗವನ್ನು ಹೊರಗಿನ ಬಯಲು ತುಂಬಿಕೊಟ್ಟಿತು.

ಈ ಕೋನ ಹೇಗೆ ಮರೆಯಾಯಿತು? 1947ರ ಬಾಡಿಗೆ ನಿಯಂತ್ರಣ ಕಾಯಿದೆ ಬಾಡಿಗೆಯನ್ನು 1940ರ ಮಟ್ಟದಲ್ಲಿ ಹೆಪ್ಪುಗಟ್ಟಿಸಿತು. ಬಾಡಿಗೆದಾರ ಉಳಿದ, ಕಟ್ಟಡ ಶಿಥಿಲವಾಯಿತು. ಮಾಲೀಕನಿಗೆ ದುರಸ್ತಿ ಮಾಡುವ ಆಸೆ ಹೋಯಿತು, ‘ಪಗಡಿ’ ಎಂಬ ಒಳಹಣ ಬಂತು. 1969ರ ಕಾಯಿದೆಯಿಂದ ಸರಕಾರವೇ ತೆರಿಗೆ ಎತ್ತಿ ಸುಮಾರು 19,600 ಹಳೆಯ ಕಟ್ಟಡಗಳ ದುರಸ್ತಿಗೆ ನಿಂತಿತು, ತೇಪೆಗೆ ತೇಪೆ. 2017ರ ಆಗಸ್ಟ್ 31ರಂದು ಭೇಂಡಿ ಬಜಾರಿನ ಶತಮಾನ ದಾಟಿದ ಹುಸೈನಿ ಕಟ್ಟಡ ಕುಸಿದು ಮೂವತ್ತಕ್ಕೂ ಹೆಚ್ಚು ಜನ ಸತ್ತಾಗ ಊರಿಗೆ ಊರೇ ಮರುಗಿತು.

ಈ ನಡುವೆ, 1960ರ ದಶಕದ ಅಭಿವೃದ್ಧಿ ಯೋಜನೆಯೊಂದಿಗೆ ‘ಎಫ್.ಎಸ್.ಐ.’ ಎಂಬ ಇನ್ನೊಂದು ಅಳತೆ ಬಂತು. ಬೆಂಗಳೂರಿನವರು ಇದನ್ನೇ ‘ಎಫ್.ಎ.ಆರ್.’ ಎನ್ನುತ್ತಾರೆ. ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣವನ್ನು ನಿವೇಶನದ ವಿಸ್ತೀರ್ಣದಿಂದ ಭಾಗಿಸಿದರೆ ಬರುವ ಸಂಖ್ಯೆ. 1991ರ ನಿಯಮಾವಳಿಯಲ್ಲಿ ನಡುಗಡ್ಡೆಯ ಮುಂಬಯಿಗೆ ಇದು 1.33, ಉಪನಗರಗಳಿಗೆ 1. ಹಳೆಯ ಬಾಡಿಗೆದಾರರಿಗೆ ಪುಕ್ಕಟೆ ಮನೆ ಕಟ್ಟಿಕೊಟ್ಟರೆ ಇನ್ನಷ್ಟು, ಕೊಳೆಗೇರಿ ನಿವಾಸಿಗಳಿಗೆ ಕಟ್ಟಿಕೊಟ್ಟರೆ 2.5ರವರೆಗೆ. ಬಿಲ್ಡರು ಹೆಚ್ಚುವರಿ ಮನೆಗಳನ್ನು ಮಾರಿ ಲಾಭ ಮಾಡಿಕೊಳ್ಳಬಹುದು. ಸರಕಾರದ ಬೊಕ್ಕಸದಿಂದ ಕಾಸು ಬಿಚ್ಚದೆ ಬಡವರಿಗೆ ಮನೆ ಕೊಡುವ ಈ ಉಪಾಯ ಜಾಣತನದ್ದೇ. ಸುಲಭವಾಗಿ ತಳ್ಳಿಹಾಕುವಂಥದ್ದಲ್ಲ, ತಗಡಿನ ಗುಡಿಸಲಿನಲ್ಲಿ ಮಳೆಗಾಲ ಕಳೆದವರಿಗೆ ನಲ್ಲಿಯೂ ಶೌಚಾಲಯವೂ ಒಳಗಿರುವ ಪಕ್ಕಾ ಮನೆ ಏನೆಂಬುದನ್ನು ನಾವು ಹೊರಗಿನಿಂದ ಹೇಳಬಾರದು.

ಆದರೆ ಕೋನಕ್ಕೂ ಈ ಭಾಗಲಬ್ಧಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಕೋನ ಹೊರಡುವುದು ಕೆಳಗಿನ ಕೋಣೆಯಲ್ಲಿ ಕೂತವನ ಕಣ್ಣಿನಿಂದ. ಎಫ್.ಎಸ್.ಐ.ಗೆ ಆ ಮನುಷ್ಯನ ಪರಿಚಯವಿಲ್ಲ; ಅದಕ್ಕೆ ಗೊತ್ತಿರುವುದು ಮಾರಬಹುದಾದ ಚದರಡಿ ಮಾತ್ರ. ಅವನ ಬೆಳಕನ್ನು ಕಾಯಲು ಪಕ್ಕದ ಖಾಲಿ ಜಾಗದ ನಿಯಮಗಳು ಪ್ರತ್ಯೇಕವಾಗಿ ಇದ್ದವು. ಆದರೆ ಪುನರ್ವಸತಿ ಯೋಜನೆಗಳಲ್ಲಿ ಮೊದಲು ಸಡಿಲಿಸಿದ್ದು ಆ ನಿಯಮಗಳನ್ನೇ. ಇಪ್ಪತ್ನಾಲ್ಕು ಮೀಟರ್ ಎತ್ತರದವರೆಗಿನ ಪುನರ್ವಸತಿ ಕಟ್ಟಡದ ಸುತ್ತ ಒಂದೂವರೆ ಮೀಟರ್ ಬಿಟ್ಟರೆ ಸಾಕೆಂದಾಯಿತು. ಪಕ್ಕದ ಕಟ್ಟಡವೂ ಅಷ್ಟೇ ಬಿಟ್ಟರೆ ನಡುವೆ ಮೂರು ಮೀಟರ್. ಇದೇ ನಿವೇಶನದ ಇನ್ನೊಂದು ತುದಿಯಲ್ಲಿ ಮಾರಾಟಕ್ಕೆಂದು ಏಳುತ್ತಿದ್ದ ಗೋಪುರಕ್ಕೆ ಉದ್ಯಾನವೂ ವಾಹನ ನಿಲ್ಲಿಸುವ ವಿಶಾಲ ಜಾಗವೂ ಸಿಗುತ್ತಿತ್ತು.

ಪೂರ್ವ ಉಪನಗರದ ಗೋವಂಡಿ–ಮಾನ್‌ಖುರ್ದ್ ಭಾಗದ ನಟವರ್ ಪಾರೇಖ್ ಕಾಂಪೌಂಡ್, ಲಲ್ಲೂಭಾಯಿ ಕಾಂಪೌಂಡ್ ಎಂಬ ವಸತಿಗಳನ್ನು ನೋಡಿ. ರಸ್ತೆ, ರೈಲು ಯೋಜನೆಗಳಿಗಾಗಿ ಎಬ್ಬಿಸಿದವರನ್ನು ಈ ಶತಮಾನದ ಆರಂಭದ ವರ್ಷಗಳಲ್ಲಿ ತಂದು ಕೂರಿಸಿದ ಜಾಗಗಳಿವು. ನಟವರ್ ಪಾರೇಖ್‌ನಲ್ಲಿ ಏಳು ಮಹಡಿಗಳ ಕಟ್ಟಡಗಳು ಸುಮಾರು ಮೂರು ಮೀಟರ್ ಅಂತರದಲ್ಲಿ ಮುಖಾಮುಖಿ ನಿಂತಿವೆ. ಮಹಡಿಗೆ ಮೂರು ಮೀಟರಿನಂತೆ ಎತ್ತರ ಇಪ್ಪತ್ತೊಂದು ಮೀಟರ್ ಎಂದು ಹಿಡಿಯಿರಿ. ಟ್ಯಾಂಜೆಂಟ್ ಏಳು, ಕೋನ ಎಂಬತ್ತೆರಡು ಡಿಗ್ರಿಗೆ ಕೂದಲೆಳೆಯಷ್ಟು ಕಡಿಮೆ. ಆರ್‌ನ ಹಗ್ಗದಲ್ಲಿ ಅಳೆದರೆ ಅಲ್ಲಿ ಹತ್ತೂವರೆ ಮೀಟರ್ ಇರಬೇಕಿತ್ತು.

‘ಡಾಕ್ಟರ್ಸ್ ಫಾರ್ ಯು’ ಎಂಬ ಸಂಸ್ಥೆಯ ವೈದ್ಯರು ಈ ವಸತಿಗಳಲ್ಲಿ ಮನೆಮನೆಗೆ ಹೋಗಿ ಅಧ್ಯಯನ ನಡೆಸಿ 2018ರಲ್ಲಿ ವರದಿ ಹೊರತಂದರು. ಅದೇ ಭಾಗದಲ್ಲಿರುವ, ಹೆಚ್ಚು ಬಯಲು ಬಿಟ್ಟು ಕಟ್ಟಿದ ಇನ್ನೊಂದು ವಸತಿಯೊಡನೆ ಹೋಲಿಸಿದಾಗ ಈ ಎರಡು ಕಡೆ ಕ್ಷಯರೋಗದ ಪ್ರಮಾಣ ಹಲವು ಪಟ್ಟು ಹೆಚ್ಚಿತ್ತು. ಕೆಳಮಹಡಿಗಳಲ್ಲಿ ರೋಗ ಹೆಚ್ಚು, ಮೇಲೇರಿದಂತೆ ಕಡಿಮೆ. ಎದುರಿನ ಕಿಟಕಿಯವರ ಕಣ್ಣು ತಪ್ಪಿಸಲೂ, ಕೆಳಗೆ ಬಿದ್ದ ಕಸದ ನಾತಕ್ಕೂ ಜನ ಕಿಟಕಿ ಮುಚ್ಚಿಯೇ ಇರುತ್ತಿದ್ದರು. 1896ರ ಮಾಂಡವಿಯ ಒಳಕೋಣೆಗಳಂತೆ ಇಲ್ಲಿಯೂ ಹಗಲಿಗೆ ದೀಪ ಬೇಕು. ಈಗ ಅದು ಟ್ಯೂಬ್‌ಲೈಟು.

ಇತ್ತ ಬಿ.ಡಿ.ಡಿ. ಚಾಳುಗಳೂ ಕೆಳಗಿಳಿಯುತ್ತಿವೆ. 160 ಚದರಡಿಯ ಖೋಲಿಗೆ ಬದಲಾಗಿ 500 ಚದರಡಿಯ ಸ್ವಂತ ಫ್ಲ್ಯಾಟು, ಅದೂ ಪುಕ್ಕಟೆ. ವರ್ಳಿಯಲ್ಲಿ ನಲವತ್ತು ಮಹಡಿಗಳ ಗೋಪುರಗಳು ಎದ್ದಿವೆ. 2025ರ ಆಗಸ್ಟ್‌ನಲ್ಲಿ ಮೊದಲ 556 ಕುಟುಂಬಗಳಿಗೆ ಬೀಗದ ಕೈ ಕೊಟ್ಟರು. ಮೂರು ನಾಲ್ಕು ತಲೆಮಾರು ಮೊಗಸಾಲೆಯ ಕೊನೆಗೆ ಬಕೆಟ್ ಹಿಡಿದು ನಡೆದ ಮನೆಗಳಲ್ಲಿ ಅಂದು ದೀಪಾವಳಿಯೇ ಆಗಿರಬೇಕು. ಅವರ ಸಂತೋಷದಲ್ಲಿ ನನಗೂ ಪಾಲಿದೆ. ಆ ಗೋಪುರಗಳ ಎತ್ತರ ಎಷ್ಟು, ಎರಡರ ನಡುವೆ ಬಿಟ್ಟ ಬಯಲು ಎಷ್ಟು ಎಂದು ವರ್ಳಿಯ ಕಡೆ ಇರುವ ನನ್ನ ಹಳೆಯ ವಿದ್ಯಾರ್ಥಿಗಳು ಯಾರಾದರೂ ಹೆಜ್ಜೆ ಹಾಕಿ ಅಳೆದು ಬರೆದು ತಿಳಿಸಿದರೆ, ಟ್ಯಾಂಜೆಂಟ್ ಕೋಷ್ಟಕ ಇನ್ನೂ ನನ್ನ ಮೇಜಿನ ಮೇಲೆಯೇ ಇದೆ.